ರಿಕ್ವೆಸ್ಟ್‌ನಲ್ಲಿರೋ ಆ ಸಾಲು ಬರೆದಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೂ ಕೇಳಿಸ್ತಿದೆ ಅಲ್ವಾ? ಸರಿ.

ನಾನು ತಯಾರಿ ಮಾಡ್ಕೊಂಡು ಬಂದಿದ್ದ ಆರ್ಡರ್ರೇ ಬೇರೆ. ಆದ್ರೆ ಈಗಷ್ಟೇ ಮುಗಿದ ಸೆಷನ್ನಲ್ಲಿ ಒಂದು ಸ್ಲೈಡ್ ಬಂತು ನೋಡಿ, ಯೂಸರ್ ಐಪಿ ಅಡ್ರೆಸ್ ತಗೊಳ್ಳೋದು ಹೇಗೆ ಅಂತ, ಒಂದೇ ಸಾಲಿನ ಕೋಡ್, ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಓದಿ, ಅಂದ್ರೆ ಸರ್ವರ್‌ಗೆ ಬರೋ ಕೋರಿಕೆಯಲ್ಲಿ, ಅದೇ ರಿಕ್ವೆಸ್ಟಲ್ಲಿ, ಐಪಿಗಳ ಪಟ್ಟಿ ಇರೋ ಸಾಲು, ಕಾಮಾ ಇರೋ ಕಡೆ ಸ್ಪ್ಲಿಟ್ ಮಾಡಿ, ಮೊದಲನೇದು ಎತ್ಕೊಳ್ಳಿ, ಮುಗೀತು. ಅರ್ಧ ಹಾಲ್ ಫೋನ್ ತೆಗೆದು ಫೋಟೋ ಹೊಡ್ಕೊಂಡ್ರಿ. ಆ ಸ್ಪೀಕರ್ ಮೇಲೆ ನಂಗೇನೂ ಕೋಪ ಇಲ್ಲ, ಆ ಸಾಲು ಎಲ್ಲಾ ಕಡೆ ಕಾಪಿ ಆಗಿ ಓಡಾಡ್ತಿದೆ. ಆದ್ರೆ ನೀವು ಆ ಫೋಟೋ ಡಿಲೀಟ್ ಮಾಡೋವರೆಗೂ ನಾನು ಈ ಸ್ಟೇಜ್ ಇಳಿಯಲ್ಲ.

ನಾವೆಲ್ಲ ದಿನಾ ರಿಕ್ವೆಸ್ಟ್ ಡಾಟ್ ಅದು, ರಿಕ್ವೆಸ್ಟ್ ಡಾಟ್ ಇದು ಅಂತ ಬರೀತೀವಿ. ವೆಬ್ ಆಪ್ ಕಟ್ಟೋ ಫ್ರೇಮ್‌ವರ್ಕ್‌ಗಳಾದ ಫ್ಲಾಸ್ಕ್ ಆಗ್ಲಿ ಜಾಂಗೋ ಆಗ್ಲಿ ಎಕ್ಸ್‌ಪ್ರೆಸ್ ಆಗ್ಲಿ, ಪಿಹೆಚ್‌ಪಿಯ ಡಾಲರ್ ಅಂಡರ್‌ಸ್ಕೋರ್ ಸರ್ವರ್ ಆಗ್ಲಿ, ಎಲ್ಲಾ ನೀಟಾಗಿ ಒಂದು ಆಬ್ಜೆಕ್ಟ್ ಕಟ್ಟಿ ಕೈಗೆ ಕೊಡತ್ತೆ. ತೊಂದರೆ ಶುರುವಾಗೋದೇ ಆ ನೀಟಿಂದ. ಒಳಗಿರೋದೆಲ್ಲ ಒಂದೇ ಥರ ಕಾಣತ್ತೆ, ಎಲ್ಲಾ ಸ್ಟ್ರಿಂಗು, ಯಾವುದು ನಮ್ಮ ಸರ್ವರ್ ಕಣ್ಣಾರೆ ಕಂಡಿದ್ದು, ಯಾವುದು ಕಳಿಸಿದವನು ತಾನೇ ಬರ್ಕೊಂಡಿದ್ದು ಅನ್ನೋ ವ್ಯತ್ಯಾಸ ಅಲ್ಲೇ ಅಳಿಸಿಹೋಗತ್ತೆ. ಹಾಗಾಗಿ ನಂದು ಇವತ್ತು ಒಂದೇ ಪ್ರಶ್ನೆ, ಬೇಜಾರಾಗೋಷ್ಟು ಸಲ ಕೇಳ್ತೀನಿ: ಈ ಸಾಲು ಬರೆದಿದ್ದು ಯಾರು?

ಮೊದ್ಲು ಹಸಿ ರಿಕ್ವೆಸ್ಟ್ ನೋಡೋಣ. ಫ್ರೇಮ್‌ವರ್ಕ್ ಪಕ್ಕಕ್ಕಿಟ್ಟು, ಪೋರ್ಟ್ 8000ರಲ್ಲಿ ಬಂದಿದ್ದನ್ನ ಹಾಗೇ ತೋರಿಸೋ ನೆಟ್‌ಕ್ಯಾಟ್ ಅನ್ನೋ ಟೂಲ್ ಕೂರಿಸಿ, ಬ್ರೌಸರಿಂದ ಒಂದು ಲಾಗಿನ್ ಫಾರ್ಮ್ ಸಬ್ಮಿಟ್ ಮಾಡಿ. ಸ್ಕ್ರೀನ್ ನೋಡಿ, ಮೊದಲ ಸಾಲಲ್ಲಿ ಮೂರೇ ತುಂಡು, ಮೆಥಡ್, ಒಂದು ಸ್ಪೇಸ್, ಪಾತ್, ಇನ್ನೊಂದು ಸ್ಪೇಸ್, ಹೆಚ್‌ಟಿಟಿಪಿ/1.1. ಕೆಳಗೆ ಹೆಡರ್‌ಗಳು, ಹೆಸರು, ಕೋಲನ್, ವ್ಯಾಲ್ಯೂ. ಆಮೇಲೆ ಒಂದು ಖಾಲಿ ಸಾಲು, ಈ ಖಾಲಿ ಸಾಲು ಸುಮ್ನೆ ಅಂದ್ಕೋಬೇಡಿ, ಹೆಡರ್ ಮುಗೀತು ಅಂತ ಸರ್ವರ್‌ಗೆ ಗೊತ್ತಾಗೋದೇ ಇದರಿಂದ. ಅದರ ಕೆಳಗೆ ಬಾಡಿ, ಎಷ್ಟು ಬೈಟ್ ಓದ್ಬೇಕು ಅನ್ನೋದನ್ನ ಮೇಲಿರೋ ಕಂಟೆಂಟ್-ಲೆಂತ್ ಹೇಳತ್ತೆ.

ಇದ್ರಲ್ಲಿ ಐಪಿ ಅಡ್ರೆಸ್ ಎಲ್ಲಿದೆ? ಹುಡುಕಿ. ಇಲ್ಲ! ಐಪಿ ಈ ಟೆಕ್ಸ್ಟ್ ಒಳಗೆ ಇಲ್ವೇ ಇಲ್ಲ. ಅದು ಟಿಸಿಪಿ ಕನೆಕ್ಷನ್ನಿಂದ ಬರತ್ತೆ, ಆ ಕಡೆ ತುದಿಯಲ್ಲಿರೋದು ಯಾರು ಅಂತ ನಮ್ಮ ಸರ್ವರ್ ತಾನೇ ನೋಡಿ ಗುರುತು ಹಾಕ್ಕೊಂಡಿದ್ದು, ಅದನ್ನೇ ರಿಮೋಟ್ ಅಡ್ರೆಸ್ ಅನ್ನೋದು. ಈ ಪರದೆ ಮೇಲಿರೋ ಬಾಕಿ ಎಲ್ಲಾ, ಮೆಥಡ್ಡು ಪಾತು ಹೋಸ್ಟು ಕುಕ್ಕಿ ಯೂಸರ್-ಏಜೆಂಟು, ಬರೆದಿದ್ದು ಆ ಕಡೆಯವನು. ಯೂಸರ್-ಏಜೆಂಟ್ ಅಂದಾಗ ನೆನಪಾಯ್ತು, ಕ್ರೋಮ್ ಕಳಿಸೋದನ್ನ ಯಾವತ್ತಾದ್ರೂ ಪೂರ್ತಿ ಓದಿದೀರಾ? ಮೊಜಿಲ್ಲಾ ಅಂತ ಶುರುಮಾಡಿ, ಆಪಲ್‌ವೆಬ್‌ಕಿಟ್ ಅಂದು, ಗೆಕ್ಕೋ ಥರ ಅಂದು, ಕೊನೆಗೆ ಸಫಾರಿ ಅಂತ ಮುಗಿಸತ್ತೆ, ನಡುವೆ ಎಲ್ಲೋ ಒಂದು ಕಡೆ ಸಣ್ಣಗೆ ಕ್ರೋಮ್. ದೊಡ್ಡ ದೊಡ್ಡ ಬ್ರೌಸರ್‌ಗಳೇ ತಮ್ಮ ಹೆಸರು ನೆಟ್ಟಗೆ ಹೇಳಲ್ಲ, ನೀವು ಅದರ ಮೇಲೆ ಇಫ್ ಕಂಡೀಷನ್ ಬರೀತೀರಾ.

ಈಗ ನನ್ನ ಪ್ರಿಯವಾದ ಕಥೆ. ಕೆಲವರು ಕೇಳಿರ್ತೀರಿ, ಇನ್ನೊಂದ್ಸಲ ಕೇಳಿ.

ನನ್ನ ಪರಿಚಯದ ಒಂದು ಟೀಮು, ಹೆಸರು ಬೇಡ. ಲಾಗಿನ್ ಪೇಜ್‌ಗೆ ರೇಟ್ ಲಿಮಿಟ್ ಹಾಕಿದ್ರು, ಒಂದೇ ಐಪಿಯಿಂದ ಐದು ಸಲ ತಪ್ಪು ಪಾಸ್‌ವರ್ಡ್ ಬಂದ್ರೆ ಸ್ವಲ್ಪ ಹೊತ್ತು ಬ್ಲಾಕ್. ಲ್ಯಾಪ್‌ಟಾಪಲ್ಲಿ ಟೆಸ್ಟ್ ಮಾಡಿದ್ರು, ಬ್ಯೂಟಿಫುಲ್ ಆಗಿ ಓಡ್ತು. ಪ್ರೊಡಕ್ಷನ್‌ಗೆ ಹಾಕಿದ್ರು, ಬೆಳಿಗ್ಗೆ ಕೆಲಸದ ಹೊತ್ತಿಗೆ ಸರಿಯಾಗಿ ಒಬ್ರಿಗೂ ಲಾಗಿನ್ ಆಗ್ತಿಲ್ಲ. ಒಬ್ರಿಗೂ! ಯಾಕೆ? ಮುಂದೆ ಲೋಡ್ ಬ್ಯಾಲೆನ್ಸರ್ ಕೂತಿದೆ, ಬಂದ ರಿಕ್ವೆಸ್ಟ್‌ಗಳನ್ನ ಹಿಂದಿರೋ ಸರ್ವರ್‌ಗಳಿಗೆ ಹಂಚೋದು. ಆಪ್ ಕಣ್ಣಿಗೆ ಬರೋ ಪ್ರತಿ ಕನೆಕ್ಷನ್ನೂ ಬ್ಯಾಲೆನ್ಸರ್‌ದೇ. ಅಂದ್ರೆ ಇಡೀ ಲೋಕಕ್ಕೆ ಒಂದೇ ಐಪಿ, ಯಾರೋ ಐದು ಜನ ಎಲ್ಲೆಲ್ಲೋ ಕೂತು ಒಂದೊಂದ್ಸಲ ಪಾಸ್‌ವರ್ಡ್ ತಪ್ಪು ಹೊಡೆದ್ರು, ಎಲ್ಲರಿಗೂ ಬಾಗಿಲು ಮುಚ್ತು.

ಗಾಬರಿಯಲ್ಲಿ ಹುಡುಕಿದ್ರು, ನೀವು ಫೋಟೋ ಹೊಡ್ಕೊಂಡ್ರಲ್ಲ ಅದೇ ಸಾಲು ಸಿಕ್ತು, ಹಾಕಿದ್ರು. ಎಲ್ಲಾ ಸರಿ ಹೋಯ್ತು, ಎಲ್ಲರೂ ಲಾಗಿನ್ ಆದ್ರು, ಮ್ಯಾನೇಜರ್ ಭೇಷ್ ಅಂದ್ರು. ಇದು ಕಥೆಯ ಇಂಟರ್‌ವಲ್. ಸ್ವಲ್ಪ ದಿನ ಆದ್ಮೇಲೆ ಒಬ್ರು ಲಾಗ್ ತೆಗೆದು ನೋಡ್ತಾರೆ, ಒಂದೇ ಅಕೌಂಟ್ ಮೇಲೆ ಸಾವಿರಾರು ತಪ್ಪು ಪಾಸ್‌ವರ್ಡು, ಒಂದೂ ಬ್ಲಾಕ್ ಆಗಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಐಪಿ. ಮೊದ್ಲು ಹೈಜಾಕ್ ಆದ ಕಂಪ್ಯೂಟರ್‌ಗಳ ದೊಡ್ಡ ಬಾಟ್‌ನೆಟ್ಟೇ ನಮ್ಮ ಮೇಲೆ ಬಿದ್ದಿದೆ ಅಂತ ಸ್ವಲ್ಪ ಹೆಮ್ಮೇನೂ ಪಟ್ಕೊಂಡ್ರಂತೆ. ಆಮೇಲೆ ಆ ಐಪಿಗಳನ್ನ ಹತ್ರದಿಂದ ನೋಡಿದ್ರೆ ಒಂದರಲ್ಲಿ 999 ಇದೆ. ಐಪಿ ವಿ4ರಲ್ಲಿ ಒಂದು ತುಂಡು 255 ದಾಟೋ ಹಾಗೇ ಇಲ್ಲ! ಅಂದ್ರೆ ಒಬ್ಬನೇ ಪುಣ್ಯಾತ್ಮ ಒಂದು ಸ್ಕ್ರಿಪ್ಟ್ ಬರೆದು, ಪ್ರತಿ ರಿಕ್ವೆಸ್ಟ್‌ಗೂ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ತಾನೇ ಹಾಕಿ, ಬಾಯಿಗೆ ಬಂದ ನಂಬರ್ ತುಂಬಿ ಕಳಿಸ್ತಿದ್ದ.

ಯಾಕೆ ಹಾಗಾಯ್ತು ಅಂದ್ರೆ ಈ ಹೆಡರ್ ಗೇಟಲ್ಲಿಡೋ ವಿಸಿಟರ್ಸ್ ಬುಕ್ ಇದ್ದ ಹಾಗೆ. ಬಂದವನ ಕೈಲಿ ಮೊದಲೇ ಒಂದು ಹಾಳೆ ಇದ್ರೆ ಅದನ್ನೇ ಇಸ್ಕೊಂಡು, ಪ್ರಾಕ್ಸಿ, ಅಂದ್ರೆ ಆ ಬ್ಯಾಲೆನ್ಸರ್ ಥರ ನಡುವೆ ಕೂತು ರಿಕ್ವೆಸ್ಟ್ ದಾಟಿಸೋದು, ತಾನು ಕಂಡ ಐಪಿಯನ್ನ ಅದರ ಕೊನೆಗೆ ಸೇರಿಸತ್ತೆ. ಎಡತುದೀಲಿರೋದು ಬಂದವನು ಬರ್ಕೊಂಡು ತಂದಿದ್ದಿರಬಹುದು, ಬಲತುದೀಲಿರೋದು ನಮ್ಮ ಪ್ರಾಕ್ಸಿ ಕಂಡು ಬರೆದಿದ್ದು. ಹಾಗಾಗಿ ಎಣಿಸೋದು ಬಲದಿಂದ. ನಮ್ದೇ ಪ್ರಾಕ್ಸಿ ಒಂದಿದ್ರೆ ಬಲದಿಂದ ಒಂದನೇದು, ಎರಡಿದ್ರೆ ಎರಡನೇದು, ಅದಕ್ಕಿಂತ ಎಡಕ್ಕೆ ಇರೋದೆಲ್ಲ ಗಾಳಿಮಾತು. ಎಕ್ಸ್‌ಪ್ರೆಸ್ಸಲ್ಲಿ ಟ್ರಸ್ಟ್ ಪ್ರಾಕ್ಸಿ ಅಂತ ಸೆಟ್ಟಿಂಗ್ ಇದೆ, ಅದಕ್ಕೆ ಟ್ರೂ ಕೊಟ್ರೆ ಎಡತುದೀದೇ ತಗೊಳ್ಳತ್ತೆ, ಕೊಡಬೇಕಾಗಿದ್ದು ನಂಬರ್ರು, ನಿಮ್ಮ ಮುಂದೆ ಎಷ್ಟು ಪ್ರಾಕ್ಸಿ ಇದೆ ಅಂತ. ಫ್ಲಾಸ್ಕ್‌ನೋರಿಗೆ ಅದರ ತಳದಲ್ಲಿರೋ ವರ್ಕ್‌ಜ್ಯೂಗ್ ಲೈಬ್ರರಿ ಒಳಗೆ ಪ್ರಾಕ್ಸಿಫಿಕ್ಸ್ ಇದೆ, ಅದೂ ನಂಬರ್ರೇ ಕೇಳತ್ತೆ. 2014ರಲ್ಲಿ ಫಾರ್ವರ್ಡೆಡ್ ಅನ್ನೋ ಸ್ಟ್ಯಾಂಡರ್ಡ್ ಹೆಡರ್ರೇ ಬಂತು, ಆರ್‌ಎಫ್‌ಸಿ 7239 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ, ಅದರಲ್ಲೂ ಇದೇ ಎಚ್ಚರಿಕೆ ಬೇಕು, ಬರೆಯೋ ಕೈ ಬದಲಾಗಿಲ್ವಲ್ಲ. ಹಾಂ, ಅಲ್ಲೊಬ್ರು ಫೋಟೋ ಡಿಲೀಟ್ ಮಾಡ್ತಿದಾರೆ, ಥ್ಯಾಂಕ್ಸ್ ಮೇಡಂ.

ಹೋಸ್ಟ್ ಹೆಡರ್‌ದೂ ಇದೇ ಕಥೆ. ಒಂದೇ ಐಪಿ ಮೇಲೆ ಎಷ್ಟೋ ಸೈಟ್ ಇರತ್ತೆ, ಯಾವ ಸೈಟ್ ಬೇಕು ಅಂತ ಹೇಳೋಕೆ ಹೋಸ್ಟ್ ಬೇಕೇ ಬೇಕು, 1.1ರಲ್ಲಿ ಅದಿಲ್ದಿದ್ರೆ ಸರ್ವರ್ 400, ಅಂದ್ರೆ ರಿಕ್ವೆಸ್ಟ್ ಸರಿಯಿಲ್ಲ ಅನ್ನೋ ಎರರ್, ಕೊಡ್ಬೇಕು ಅಂತ್ಲೇ ನಿಯಮ ಇದೆ. ಕಡ್ಡಾಯ ಅಂದ ಮಾತ್ರಕ್ಕೆ ನಿಜ ಅಂತ ಅಲ್ಲ. ಪಾಸ್‌ವರ್ಡ್ ರೀಸೆಟ್ ಮೇಲ್ ಕಳಿಸುವಾಗ ಲಿಂಕಿನ ಡೊಮೇನನ್ನ ರಿಕ್ವೆಸ್ಟ್‌ನ ಹೋಸ್ಟಿಂದ ಎತ್ಕೊಳ್ಳೋ ಕೋಡ್ ಇರತ್ತಲ್ಲ, ಅಲ್ಲಿ ಬೇರೆಯವನು ನಿಮ್ಮ ಇಮೇಲ್ ಹಾಕಿ, ಹೋಸ್ಟಲ್ಲಿ ತನ್ನ ಡೊಮೇನ್ ಬರೆದು ಕಳಿಸ್ತಾನೆ, ಮೇಲ್ ನಿಮ್ಮ ಸರ್ವರಿಂದಲೇ ಬರತ್ತೆ, ಲೋಗೋ ಎಲ್ಲಾ ಅಸಲಿ, ಲಿಂಕ್ ಮಾತ್ರ ಅವನ ಮನೆಗೆ. ಯೂಸರ್ ಕ್ಲಿಕ್ ಮಾಡಿದ್ರೆ ಪಾಸ್‌ವರ್ಡ್ ಬದಲಿಸೋಕೆ ಬೇಕಾದ ಟೋಕನ್ ಅವನ ಕೈಗೆ. ಜಾಂಗೋದಲ್ಲಿ ಅಲೋಡ್ ಹೋಸ್ಟ್ಸ್ ಲಿಸ್ಟ್ ಇರೋದು ಇದಕ್ಕೇ, ಅಲ್ಲಿ ಯಾವ ಡೊಮೇನಾದ್ರೂ ಸರಿ ಅನ್ನೋ ನಕ್ಷತ್ರ ಚಿಹ್ನೆ ಹಾಕಿ ಬಾಯಿ ಮುಚ್ಚಿಸ್ಬೇಡಿ.

ಈಗ ಕ್ವೆರಿ ಸ್ಟ್ರಿಂಗ್, ಯುಆರ್‌ಎಲ್‌ನಲ್ಲಿ ಪ್ರಶ್ನೆ ಚಿಹ್ನೆ ಆದ್ಮೇಲೆ ಬರೋ ಭಾಗ. ನಾವು ಕನ್ನಡದಲ್ಲಿ ಸರ್ಚ್ ಮಾಡೋ ಜನ ಅಲ್ವಾ, ನೋಡೋಣ. ಕ ಅನ್ನೋ ಅಕ್ಷರ, ಅಕ್ಷರಗಳನ್ನ ಬೈಟ್ ಮಾಡೋ ಯುಟಿಎಫ್-8ರಲ್ಲಿ ಮೂರು ಬೈಟು, ಯುಆರ್‌ಎಲ್ ಒಳಗೆ ಹೋಗುವಾಗ %ಇ0%ಬಿ2%95 ಆಗತ್ತೆ, ಒಂದು ಕ-ಗೆ ಒಂಬತ್ತು ಕ್ಯಾರೆಕ್ಟರ್. ಕನ್ನಡ ಅನ್ನೋ ಪದಕ್ಕೆ ಒತ್ತು ಹಾಕೋ ಹಲಂತನೂ ಸೇರಿ ಐದು ಕೋಡ್ ಪಾಯಿಂಟು, ಅಂದ್ರೆ ಯೂನಿಕೋಡ್‌ನ ಐದು ಚಿಹ್ನೆ, ನಲವತ್ತೈದು ಕ್ಯಾರೆಕ್ಟರ್. ಅಪಾಚೆ ವೆಬ್ ಸರ್ವರಲ್ಲಿ ರಿಕ್ವೆಸ್ಟಿನ ಮೊದಲ ಸಾಲಿನ ಡೀಫಾಲ್ಟ್ ಮಿತಿ 8190 ಬೈಟು, ಇಂಗ್ಲಿಷಲ್ಲಿ ಅಷ್ಟು ಉದ್ದದ ಕ್ವೆರಿ ಯಾರು ಬರೀತಾರೆ ಅನ್ಸತ್ತೆ, ನಮ್ಮ ಅಕ್ಷರದಲ್ಲಿ ಅದು ಒಂಬೈನೂರು ಚಿಲ್ಲರೆ ಕೋಡ್ ಪಾಯಿಂಟ್‌ಗೇ ತುಂಬಿಹೋಗತ್ತೆ, ಒಂದು ದೊಡ್ಡ ಫಿಲ್ಟರ್ ಫಾರ್ಮನ್ನ ಗೆಟ್‌ನಲ್ಲಿ, ಅಂದ್ರೆ ಯುಆರ್‌ಎಲ್ ಒಳಗೇ, ಕಳಿಸಿದ್ರೆ ಯುಆರ್‌ಎಲ್ ಉದ್ದ ಆಯ್ತು ಅನ್ನೋ 414 ಎರರ್ ಬರೋದು ಕಷ್ಟ ಏನಲ್ಲ. ಆಮೇಲೆ ಪ್ಲಸ್ ಚಿಹ್ನೆ, ಫಾರ್ಮ್ ಎನ್‌ಕೋಡಿಂಗಲ್ಲಿ ಅದರರ್ಥ ಸ್ಪೇಸು. ಸಿ++ ಅಂತ ಹುಡುಕೋ ಲಿಂಕನ್ನ ಕೈಯಲ್ಲೇ ಕಟ್ಟಿದ್ರೆ ಸರ್ವರ್‌ಗೆ ಸಿಗೋದು ಸಿ, ಹಿಂದೆ ಎರಡು ಸ್ಪೇಸು. ಎನ್‌ಕೋಡ್ ಮಾಡೋ ಫಂಕ್ಷನ್ ಇದೆ, ಬಳಸಿ, ಕೈಯಲ್ಲಿ ಸ್ಟ್ರಿಂಗ್ ಅಂಟಿಸ್ಬೇಡಿ.

ಇನ್ನೊಂದು ಮಜಾ. ಒಂದೇ ಹೆಸರಿನ ಪ್ಯಾರಾಮೀಟರ್ ಎರಡು ಸಲ ಬಂದ್ರೆ? ಐಡಿ=1, ಆಮೇಲೆ ಮತ್ತೆ ಐಡಿ=2. ಪಿಹೆಚ್‌ಪಿ ಕೊನೇದು ಕೊಡತ್ತೆ, ಫ್ಲಾಸ್ಕಲ್ಲಿ ಗೆಟ್ ಫಂಕ್ಷನ್ ಕರೆದ್ರೆ ಮೊದಲನೇದು, ಜಾಂಗೋದಲ್ಲಿ ಅದೇ ಗೆಟ್ ಅಂದ್ರೆ ಕೊನೇದು, ಜಾವಾ ಸರ್ವ್‌ಲೆಟ್ ಮೊದಲನೇದು, ಎಕ್ಸ್‌ಪ್ರೆಸ್ ಎರಡನ್ನೂ ಅರೇ ಮಾಡಿ ಕೈಗಿಡತ್ತೆ, ನೀವು ಸ್ಟ್ರಿಂಗ್ ಅಂದ್ಕೊಂಡು ಟ್ರಿಮ್ ಅಂದ ಕೂಡ್ಲೆ ಢಮಾರ್. ಮುಂದೆ ಚೆಕ್ ಮಾಡೋ ಸರ್ವಿಸ್ ಒಂದು ಭಾಷೇಲಿ, ಹಿಂದೆ ಕೆಲಸ ಮಾಡೋ ಸರ್ವಿಸ್ ಇನ್ನೊಂದು ಭಾಷೇಲಿ ಇದ್ರೆ, ಅವರು ಪರ್ಮಿಷನ್ ನೋಡಿದ್ದು 1ಕ್ಕೆ, ಇವರು ಡಿಲೀಟ್ ಮಾಡಿದ್ದು 2ನ್ನ.

ಎಷ್ಟಿದೆ ಟೈಮು? ಹತ್ತು ನಿಮಿಷನಾ? ಐದಾ! ಸರಿ, ಬಾಡಿ ಬಗ್ಗೆ ಏಳು ಸ್ಲೈಡ್ ಇತ್ತು, ಹಾರಿಸ್ತೀನಿ. ಬಾಡಿ ಅನ್ನೋದು ಸ್ಟ್ರೀಮು, ಸಾಮಾನ್ಯವಾಗಿ ಒಂದೇ ಸಲ ಓದೋಕಾಗೋದು, ನಡುವೆ ಕೂತು ದಾಖಲೆ ಬರ್ಕೊಳ್ಳೋ ಲಾಗಿಂಗ್ ಮಿಡಲ್‌ವೇರ್ ಮೊದ್ಲೇ ಓದಿ ಮುಗಿಸಿದ್ರೆ ನಿಮ್ಮ ಹ್ಯಾಂಡ್ಲರ್‌ಗೆ ಖಾಲಿ. ಪಿಹೆಚ್‌ಪಿಗೆ ಜೇಸನ್ ಕಳಿಸಿ ಪೋಸ್ಟ್ ಅರೇ ಖಾಲಿ ಇದೆ ಅಂತ ತಲೆ ಚಚ್ಕೋಬೇಡಿ, ಅದು ತುಂಬೋದು ಫಾರ್ಮ್ ಡೇಟಾಗೆ ಮಾತ್ರ, ಜೇಸನ್ನನ್ನ ಇನ್‌ಪುಟ್ ಸ್ಟ್ರೀಮಿಂದಲೇ ಓದ್ಕೋಬೇಕು. ಸೈಜ್‌ಗೆ ಮಿತಿ ಹಾಕಿ, ಮುಂದೆ ಕೂರೋ ಎನ್‌ಜಿನ್‌ಎಕ್ಸ್ ಸರ್ವರ್‌ನ ಡೀಫಾಲ್ಟ್ ಒಂದು ಎಂಬಿ, ಅದಕ್ಕೇ ಫೋಟೋ ಅಪ್‌ಲೋಡ್ 413, ಸೈಜ್ ಜಾಸ್ತಿ ಆಯ್ತು, ಅಂತ ಬೀಳೋದು, ಆಪ್ ಲಾಗಲ್ಲಿ ಏನೂ ಇರಲ್ಲ ಯಾಕಂದ್ರೆ ರಿಕ್ವೆಸ್ಟ್ ಆಪ್‌ವರೆಗೆ ಬಂದೇ ಇರಲ್ಲ.

ಇದೊಂದು ಹೇಳ್ದೆ ಬಿಡಲ್ಲ. ಹಳೇ ಸಿಜಿಐ ಕಾಲದಲ್ಲಿ, ಅಂದ್ರೆ ವೆಬ್ ಸರ್ವರ್ ಬೇರೆ ಪ್ರೋಗ್ರಾಮನ್ನ ಓಡಿಸಿ ಉತ್ತರ ತಗೊಳ್ತಿದ್ದ ಕಾಲದಲ್ಲಿ, ಹೆಡರ್‌ಗಳನ್ನ ಆ ಪ್ರೋಗ್ರಾಮ್‌ಗೆ ಎನ್ವಿರಾನ್ಮೆಂಟ್ ವೇರಿಯಬಲ್ ಮಾಡಿ ಕೊಡ್ತಿದ್ರು, ಹೆಸರಿನ ಶುರುವಲ್ಲಿ ಹೆಚ್‌ಟಿಟಿಪಿ ಅಂಡರ್‌ಸ್ಕೋರ್ ಸೇರಿಸಿ, ಹೈಫನ್ನನ್ನ ಅಂಡರ್‌ಸ್ಕೋರ್ ಮಾಡಿ. ಆ ಪದ್ಧತಿ ಪಿಹೆಚ್‌ಪಿಯಲ್ಲಿ, ಪೈಥಾನ್ ಆಪನ್ನ ಸರ್ವರ್‌ಗೆ ಜೋಡಿಸೋ ಡಬ್ಲ್ಯುಎಸ್‌ಜಿಐನಲ್ಲಿ ಇವತ್ತಿಗೂ ಇದೆ. ಅಂದ್ರೆ ಎಕ್ಸ್-ಯೂಸರ್ ಅಂತ ಹೈಫನ್ ಹಾಕಿ ಬಂದ್ರೂ ಅಂಡರ್‌ಸ್ಕೋರ್ ಹಾಕಿ ಬಂದ್ರೂ ಆಪ್ ಕಣ್ಣಿಗೆ ಒಂದೇ. ಯೂಸರ್ ಯಾರು ಅಂತ ಆಪ್ ಆ ಹೆಡರ್ ನೋಡಿ ನಂಬೋ ಕಡೆ, ಹೊರಗಿಂದ ಬಂದದ್ದರಲ್ಲಿ ಪ್ರಾಕ್ಸಿ ಹೈಫನ್ದನ್ನ ಮಾತ್ರ ಅಳಿಸಿದ್ರೆ, ಅಂಡರ್‌ಸ್ಕೋರ್‌ದು ನುಸುಳಿ ಅಡ್ಮಿನ್ ಆಗಿಬಿಡತ್ತೆ. ಎನ್‌ಜಿನ್‌ಎಕ್ಸ್ ಅಂಡರ್‌ಸ್ಕೋರ್ ಇರೋ ಹೆಡರನ್ನ ಹೇಳದೆ ಕೇಳದೆ ಎಸೆಯತ್ತೆ ಅಂತ ಬೈತೀರಲ್ಲ, ಕಾರಣ ಇದು. ಇದೇ ಪದ್ಧತಿಯಿಂದ ಪ್ರಾಕ್ಸಿ ಅನ್ನೋ ಹೆಸರಿನ ಹೆಡರ್ ಕಳಿಸಿದ್ರೆ ಅದು ಹೆಚ್‌ಟಿಟಿಪಿ ಅಂಡರ್‌ಸ್ಕೋರ್ ಪ್ರಾಕ್ಸಿ ಆಗಿ, ಯಾವ ಪ್ರಾಕ್ಸಿ ಬಳಸ್ಬೇಕು ಅಂತ ಎಷ್ಟೋ ಲೈಬ್ರರಿ ಓದೋ ವೇರಿಯಬಲ್ಲೂ ಅದೇ ಆದ್ದರಿಂದ, ನಿಮ್ಮ ಸರ್ವರ್ ಹೊರಗೆ ಮಾಡೋ ಕಾಲ್‌ಗಳು ಅವನು ಹೇಳಿದ ಮಷಿನ್ ಮೂಲಕ ಹೋಗ್ತಿತ್ತು. 2001ರಲ್ಲೇ ಪರ್ಲ್ ಲೈಬ್ರರಿಯಲ್ಲಿ ಸಿಕ್ಕಿದ್ದು, 2016ರಲ್ಲಿ ಹೆಚ್‌ಟಿಟಿಪಾಕ್ಸಿ ಅಂತ ಮತ್ತೆ ಎದ್ದು ಬಂತು. ಬರೆದಿದ್ದು ಯಾರು ಅಂತ ಆ ಲೈಬ್ರರಿಗಳೂ ಕೇಳಿರ್ಲಿಲ್ಲ.

ಲಾಗಿಂಗ್, ಒಂದೇ ಮಾತು: 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್4ಜೆ ಅನ್ನೋ ಲಾಗಿಂಗ್ ಲೈಬ್ರರಿಯ ದೋಷ, ಲಾಗ್4ಶೆಲ್, ಹೊರಬಂದಾಗ ಯೂಸರ್-ಏಜೆಂಟನ್ನ ಸುಮ್ನೆ ಲಾಗ್‌ಗೆ ಬರ್ಕೊಂಡ ಸರ್ವರ್‌ಗಳೂ ಸಿಕ್ಕಿಬಿದ್ವು. ಆಥರೈಸೇಶನ್ನು, ಕುಕ್ಕಿ ಇವನ್ನ ಲಾಗ್‌ಗೆ ಹಾಕ್ಬೇಡಿ, ಅದು ನಿಮ್ಮ ಕಡೆಯಿಂದ ಸೋರೋ ಜಾಗ.

ಹೇಳಿ ಸರ್, ಕೈ ಎತ್ತಿದ್ರಿ. ಹೆಚ್‌ಟಿಟಿಪಿ/2ರಲ್ಲಿ ಇದೆಲ್ಲ ಬದಲಾಗಿಲ್ವಾ ಅಂತನಾ? 2015ರಿಂದ ಅದು ಬೈನರಿ ಫ್ರೇಮು, ನೆಟ್‌ಕ್ಯಾಟಲ್ಲಿ ಓದೋಕಾಗಲ್ಲ, ಹೆಡರ್ ಹೆಸರೆಲ್ಲ ಸಣ್ಣಕ್ಷರ, ಹೋಸ್ಟ್ ಜಾಗಕ್ಕೆ ಸಾಮಾನ್ಯವಾಗಿ ಕೋಲನ್ ಅಥಾರಿಟಿ ಅನ್ನೋದು ಬರತ್ತೆ. ಆದ್ರೆ ತುಂಬೋನು ಕಳಿಸಿದವನೇ. ಎಷ್ಟೋ ಕಡೆ ಮುಂದಿರೋ ಪ್ರಾಕ್ಸಿ 2ರಲ್ಲಿ ಮಾತಾಡಿ ಹಿಂದಿರೋ ಆಪ್‌ಗೆ 1.1 ಮಾಡಿ ಕೊಡತ್ತೆ, ರಿಕ್ವೆಸ್ಟ್ ಎಲ್ಲಿಗೆ ಮುಗೀತು ಅನ್ನೋದರಲ್ಲಿ ಇಬ್ಬರಿಗೂ ಒಮ್ಮತ ಇಲ್ದೇ ಹೋದ್ರೆ ಒಬ್ಬನ ರಿಕ್ವೆಸ್ಟ್ ಬಾಲ ಇನ್ನೊಬ್ಬನ ತಲೆಗೆ ಅಂಟ್ಕೊಳ್ಳತ್ತೆ. ಅದಕ್ಕೆ ರಿಕ್ವೆಸ್ಟ್ ಸ್ಮಗ್ಲಿಂಗ್ ಅಂತಾರೆ, 2005ರಿಂದ ಗೊತ್ತಿರೋ ವಿಷ್ಯ. ಮೈಕ್ ಕಿತ್ಕೋತಿದಾರೆ ಸರ್, ಹೊರಗೆ ಸಿಗಿ, ಸ್ಲೈಡ್ ನನ್ನ ಲ್ಯಾಪ್‌ಟಾಪಲ್ಲೇ ಇದೆ.