ನೀರಿಲ್ಲದ ನಾಡಿನಲ್ಲಿ ಹತ್ತು ಒನಕೆ

ನಮಸ್ಕಾರ. ಚಿನ್ನದ ಗಣಿ ಅಂದರೆ ನಮಗೆ ಸುರಂಗವೇ ನೆನಪಾಗುತ್ತದೆ, ಅಲ್ವಾ? ಅಗೆದು ಮೇಲೆ ತಂದ ಕಲ್ಲಿನೊಳಗೆ ಚಿನ್ನ ಕಣ್ಣಿಗೂ ಕಾಣದಷ್ಟು ಸಣ್ಣದಾಗಿ ಸೇರಿಕೊಂಡಿರುತ್ತದೆ. ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಮರುಭೂಮಿಯಲ್ಲಂತೂ ಕೇಳಲೇಬೇಡಿ.

ಕ್ಯಾಲಿಫೋರ್ನಿಯಾದಲ್ಲಿ, ಈಗ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ ಇರುವ ಕಡೆ, ಲಾಸ್ಟ್ ಹಾರ್ಸ್ ಅನ್ನುವ ಗಣಿ ಇತ್ತು. 1890ರ ದಶಕದಲ್ಲಿ ಜೆ. ಡಿ. ರಯಾನ್ ಅನ್ನುವ ದುಡ್ಡಿದ್ದ ಮನುಷ್ಯ ಅದರಲ್ಲಿ ಪಾಲು ಕೊಂಡ. ಕೊಲೊರಾಡೊ ನದಿಯ ಹತ್ತಿರ ಇದ್ದ ಹತ್ತು ಒನಕೆಯ ಕುಟ್ಟುವ ಯಂತ್ರವೊಂದನ್ನು ಬಿಚ್ಚಿಸಿ, ಹೊರಿಸಿಕೊಂಡು ಬಂದು ಗಣಿಯ ಪಕ್ಕದಲ್ಲೇ ನಿಲ್ಲಿಸಿದ.

ನಮ್ಮ ಒರಳು ಒನಕೆಯ ಲೆಕ್ಕವೇ, ಆದರೆ ಒಂದೊಂದು ಒನಕೆಯೂ ನೂರಾರು ಕಿಲೋ ಕಬ್ಬಿಣ. ಉಗಿಯಂತ್ರ ಅವನ್ನು ಎತ್ತಿ ಎತ್ತಿ ಬಿಡುತ್ತಿತ್ತು, ಹಗಲೂ ರಾತ್ರಿ. ಪುಡಿಯಾದ ಕಲ್ಲು ನೀರಿನ ಜೊತೆ ರಾಡಿಯಾಗಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತಿತ್ತು. ಕೆಸರು ಕೊಚ್ಚಿಹೋಗುತ್ತಿತ್ತು, ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆ ಮುದ್ದೆಯನ್ನು ಕೆರೆದು ಕಾಯಿಸಿದರೆ ಪಾದರಸ ಬೇರೆ, ಚಿನ್ನ ಬೇರೆ. ಆ ಹೊಗೆ ಕುಡಿದವರ ಗತಿ ಏನಾಗಿರಬಹುದು, ನೀವೇ ಯೋಚಿಸಿ.

ಇಷ್ಟಕ್ಕೆಲ್ಲ ನೀರು ಬೇಕಲ್ಲ? ಮೂರೂವರೆ ಮೈಲಿ ದೂರದ ತನ್ನ ಜಮೀನಿನ ಬಾವಿಗಳಿಂದ ರಯಾನ್ ಎರಡಿಂಚಿನ ಪೈಪ್ ಎಳೆಸಿದ. ಉರುವಲಿಗೆ ಸುತ್ತಲಿನ ಗುಡ್ಡಗಳ ಪೈನ್, ಜೂನಿಪರ್ ಮರಗಳನ್ನೆಲ್ಲ ಕಡಿಸಿದ. ನಮ್ಮ ಕೋಲಾರದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟೇ ಬಂತು. ಇವನಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಅಲ್ಲಿನ ಮರಗಳು ಇವತ್ತಿಗೂ ಸರಿಯಾಗಿ ಚಿಗುರಿಕೊಂಡಿಲ್ಲ. ನನ್ನ ಲೆಕ್ಕದಲ್ಲಿ ಆ ಚಿನ್ನದ ನಿಜವಾದ ಬೆಲೆ ಅದೇ.

ಇನ್ನು ಕಳ್ಳತನದ ಕಥೆ. ಗಣಿಯ ಇನ್ನೊಬ್ಬ ಪಾಲುದಾರ ಜಾನಿ ಲ್ಯಾಂಗ್ ರಾತ್ರಿ ಪಾಳಿ ನೋಡಿಕೊಳ್ಳುತ್ತಿದ್ದ. ಹಗಲು ಪಾಳಿಯಲ್ಲಿ ಸಿಕ್ಕಷ್ಟು ಮುದ್ದೆ ರಾತ್ರಿ ಸಿಗುತ್ತಲೇ ಇರಲಿಲ್ಲ! ಅನುಮಾನ ಬಂದ ರಯಾನ್ ಪತ್ತೇದಾರನನ್ನು ಇಟ್ಟ, ಸಿಕ್ಕಿಬಿದ್ದ ಲ್ಯಾಂಗ್‌ಗೆ ಪಾಲು ಮಾರುತ್ತೀಯೋ ಜೈಲಿಗೆ ಹೋಗುತ್ತೀಯೋ ಅಂತ ಕೇಳಿದ, ಅವನು 12,000 ಡಾಲರ್ ತೆಗೆದುಕೊಂಡು ಜಾಗ ಖಾಲಿ ಮಾಡಿದ.

1905ರ ಹೊತ್ತಿಗೆ ಬಂಡೆಯ ಪದರ ಸರಿದಿದ್ದ ಕಡೆ ಚಿನ್ನದ ಎಳೆ ತಪ್ಪಿಹೋಯಿತು. ಆಮೇಲೆ ಸಿಕ್ಕಿದ್ದನ್ನೂ ಸೇರಿಸಿದರೆ, 1894ರಿಂದ 1931ರವರೆಗೆ ಒಟ್ಟು 10,000 ಔನ್ಸ್‌ಗೂ ಜಾಸ್ತಿ ಚಿನ್ನ ಸಿಕ್ಕಿತ್ತು. ಯಂತ್ರ ಈಗಲೂ ಬೇಲಿಯೊಳಗೆ ನಿಂತಿದೆ. ಹೋಗಿ ಬರಲು ನಾಲ್ಕು ಮೈಲಿ ನಡಿಗೆ. ಅಮೆರಿಕದಲ್ಲಿರುವ ಕೇಳುಗರು ಬೇಕಾದರೆ ಚಳಿಗಾಲದಲ್ಲಿ ಹೋಗಿ ನೋಡಿ. ನಮಸ್ಕಾರ.