ಏಕವಚನದ ಗೆಳೆಯರು

ಎಲ್ಲರಿಗೂ ನಮಸ್ಕಾರ.

ಎರಡು ವಾರದ ಹಿಂದೆ ಬೆಳಿಗ್ಗೆ ಒಂದು ಫೋನ್ ಬಂತು. ಎತ್ತಿದ ಕೂಡಲೇ ಆ ಕಡೆಯಿಂದ, "ಲೋ ನಲವತ್ತೇಳು, ಇದ್ದೀಯೇನೋ?" ಅಂತ ದನಿ. ನಾನೂ ತಡಮಾಡದೆ "ಹಾಜರ್ ಸಾರ್" ಅಂದೆ. ನಲವತ್ತೇಳು ನನ್ನ ಕಾಲೇಜಿನ ಹಾಜರಿ ಸಂಖ್ಯೆ. ಪಕ್ಕದಲ್ಲಿದ್ದ ಮೊಮ್ಮಗಳು ಕಣ್ಣರಳಿಸಿ ನೋಡಿದಳು. ಅಜ್ಜನಿಗೂ "ಲೋ" ಅನ್ನುವವರಿದ್ದಾರೆ ಅನ್ನೋದು ಅವಳಿಗೆ ಹೊಸ ಸುದ್ದಿ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ "ಲೋ" ಬಗ್ಗೆಯೇ. ವಯಸ್ಸಾದಂತೆ ನಮ್ಮ ಸುತ್ತ ಬಹುವಚನ ಬೆಳೆಯುತ್ತಾ ಹೋಗುತ್ತದೆ. ಮೊದಲು ಆಫೀಸಿನಲ್ಲಿ ಸಾರ್, ಮೇಡಂ. ಆಮೇಲೆ ಬೀಗರು "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾರೆ. ಕೊನೆಗೆ ಡಾಕ್ಟರು "ಹೇಗಿದ್ದೀರಿ ಯಜಮಾನ್ರೇ?" ಅಂತ ಕೇಳುತ್ತಾರೆ. ನಮ್ಮನ್ನು ಹೋಗೋ, ಬಾರೇ ಅನ್ನುವ ಹಕ್ಕಿದ್ದ ಅಪ್ಪ, ಅಮ್ಮ, ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಆಮೇಲೆ ಉಳಿಯುವುದು ಕ್ಲಾಸ್‌ಮೇಟುಗಳು. ಮಂಗಳಾರತಿ ಮಾಡಿಸಿಕೊಂಡು ಮೆಟ್ಟಿಲ ಮೇಲೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ ನಮ್ಮನ್ನು ಅವರು ಕಂಡಿದ್ದಾರೆ. ಅವರ ಮುಂದೆ ನಮ್ಮ ಹುದ್ದೆ ಗಿದ್ದೆ ಏನೂ ನಡೆಯುವುದಿಲ್ಲ.

ಆ ಮುಖಗಳು ಎಷ್ಟು ಗಟ್ಟಿಯಾಗಿ ಅಚ್ಚೊತ್ತಿರುತ್ತವೆ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬ್ಯಾರಿಕ್ ಮತ್ತು ಸಂಗಡಿಗರು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 392 ಮಂದಿಗೆ ಅವರ ಹೈಸ್ಕೂಲು ಸಹಪಾಠಿಗಳ ಫೋಟೊಗಳನ್ನು ಅಪರಿಚಿತರ ಫೋಟೊಗಳ ಜೊತೆ ಬೆರೆಸಿ ತೋರಿಸಿದರು. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದವರೂ ನೂರಕ್ಕೆ ಸುಮಾರು ತೊಂಬತ್ತು ಮುಖ ಗುರುತು ಹಿಡಿದರು. ಆದರೆ ಏನೂ ತೋರಿಸದೆ ಹೆಸರು ಹೇಳಿ ಅಂದಾಗ ತಡವರಿಸಿದರು. ಇದನ್ನು ಓದಿ ನನಗೆ ನೆಮ್ಮದಿಯಾಯಿತು. ನಮ್ಮ ಬ್ಯಾಚು ನಲವತ್ತು ವರ್ಷದ ಮೇಲೆ ಸೇರಿದಾಗ ಒಬ್ಬನನ್ನು ತಬ್ಬಿಕೊಂಡು ಕಣ್ಣೀರು ಹಾಕಿದ್ದೆ. ಹೆಸರು ಮಾತ್ರ ಸುತರಾಂ ನೆನಪಾಗದೆ ಊಟ ಮುಗಿಯುವವರೆಗೂ "ಏನಪ್ಪಾ ದೊರೆ, ಬಾರಪ್ಪಾ ದೊರೆ" ಅಂತಲೇ ಕಳೆದೆ. ಅವನೂ ನನ್ನನ್ನು "ಗುರುವೇ" ಅಂತಲೇ ಕರೆಯುತ್ತಿದ್ದ. ಯಾಕೆ ಅಂತ ಆಮೇಲೆ ಹೊಳೆಯಿತು.

ಸಂಪರ್ಕ ತಾನಾಗಿಯೇ ಉಳಿಯುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಒಬ್ಬ ಗುಮಾಸ್ತ ಬೇಕು. ಓದಿನಲ್ಲಿ ಮುಂದಿದ್ದವರು ಈ ಕೆಲಸಕ್ಕೆ ಬಂದದ್ದನ್ನು ನಾನಂತೂ ಕಂಡಿಲ್ಲ. ನಮ್ಮಲ್ಲಿ ಅದು ಕೊನೇ ಬೆಂಚಿನವನ ಪಾಲಿಗೆ ಬಂತು. ಅವನ ಹತ್ತಿರ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ಕಿದೆ. ಒಂದೊಂದು ಹೆಸರಿನ ಮುಂದೆ ಮೂರು ನಾಲ್ಕು ನಂಬರು, ಹೊಡೆದು ಹಾಕಿ ಮತ್ತೆ ಬರೆದದ್ದು. ಹುಡುಗರು ಬೇಗ ಸಿಕ್ಕಿದರಂತೆ. ಹುಡುಗಿಯರನ್ನು ಹುಡುಕುವುದಕ್ಕೇ ವರ್ಷಗಳು ಹಿಡಿದವು. ಮದುವೆಯಾಗಿ ಮನೆ ಬದಲು, ಊರು ಬದಲು, ಎಷ್ಟೋ ಜನರಿಗೆ ಹೆಸರಿನ ಬಾಲವೂ ಬದಲು. ಒಬ್ಬಳಂತೂ ಸಿಕ್ಕಿದಾಗ, "ನನ್ನನ್ನೂ ಹುಡುಕ್ತಿದ್ರೇನ್ರೋ?" ಅಂತ ಎರಡು ಸಲ ಕೇಳಿದಳಂತೆ.

ಎಲ್ಲರಿಗೂ ಅಡ್ಡ ಬರುವುದು ಸಂಕೋಚ. ಇಷ್ಟು ವರ್ಷ ಇಲ್ಲದವನು ಈಗ ಯಾಕೆ ಫೋನ್ ಮಾಡಿದ, ದುಡ್ಡು ಬೇಕೇನೋ ಅಂದುಕೊಂಡರೆ? ಅಮೆರಿಕದ ಸಂಶೋಧಕಿ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ನೋಡಿದರು. ಸುಮ್ಮನೆ ನೆನಪಾಯಿತು ಅಂತ ಒಂದು ಮಾತು ಕಳಿಸಿದರೆ ಪಡೆದವರಿಗೆ ಎಷ್ಟು ಖುಷಿಯಾಗುತ್ತದೆ ಅನ್ನುವುದನ್ನು ಕಳಿಸುವವರು ಕಡಿಮೆ ಅಂದಾಜು ಮಾಡುತ್ತಾರಂತೆ. ನಿರೀಕ್ಷೆಯಿಲ್ಲದೆ ಬಂದಷ್ಟೂ ಖುಷಿ ಜಾಸ್ತಿ.

ವಾಟ್ಸಾಪ್ ಬಗ್ಗೆ ಹೆಚ್ಚು ಹೇಳಲಾರೆ. ಹೂವಿನ ಚಿತ್ರದ ಶುಭೋದಯಗಳನ್ನು ನಾನು ಆಡಿಕೊಳ್ಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಅದು ಹಾಜರಿ ಕೂಗುವುದಷ್ಟೇ. ದಿನಾ ಬರುತ್ತಿದ್ದ ಹೂವು ಮೂರು ದಿನ ಬರದಿದ್ದರೆ ನಮ್ಮ ಗುಮಾಸ್ತ ಫೋನ್ ತಿರುಗಿಸುತ್ತಾನೆ. ರಾಜಕೀಯಕ್ಕೆ ಜಗಳವಾಡಿ ಇಬ್ಬರು ಗುಂಪು ಬಿಟ್ಟರು. ಅವರಿಗೂ ಇವನೇ ಬೇರೆ ಬೇರೆಯಾಗಿ ಫೋನ್ ಮಾಡಿ, ಒಬ್ಬನ ಸುದ್ದಿ ಇನ್ನೊಬ್ಬನಿಗೆ ಮುಟ್ಟಿಸುತ್ತಾನೆ. ತೀರಿಕೊಂಡ ಏಳು ಜನರ ನಂಬರುಗಳನ್ನು ಮಾತ್ರ ಅವನು ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿಲ್ಲ.

ಕಳೆದ ತಿಂಗಳು ವಿಡಿಯೊ ಕಾಲ್‌ನಲ್ಲಿ ಹದಿನಾಲ್ಕು ಮಂದಿ ಸೇರಿದ್ದೆವು. ಮೂವತ್ತೊಂಬತ್ತನೆಯವನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ. ಅವನ ಹೆಂಡತಿ ಮುಖದ ಮುಂದೆ ಫೋನ್ ಹಿಡಿದಿದ್ದರು. ಗುಮಾಸ್ತ ಸಂಖ್ಯೆ ಕೂಗುತ್ತಾ ಬಂದು "ಮೂವತ್ತೊಂಬತ್ತು" ಅಂದ. ತುಟಿ ಅಲುಗಿತು, ದನಿ ಬರಲಿಲ್ಲ. ಆ ಕಾಲದಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದವರಿಗೆಲ್ಲ ದನಿ ಬದಲಿಸಿ ಹಾಜರಿ ಹೇಳುತ್ತಿದ್ದವನೇ ಅವನು. ಒಂದು ಗಳಿಗೆ ಎಲ್ಲರೂ ಸುಮ್ಮನಿದ್ದೆವು. ಆಮೇಲೆ ಐದಾರು ಮೂಲೆಗಳಿಂದ ಒಟ್ಟಿಗೇ, ಒಬ್ಬೊಬ್ಬರದು ಒಂದೊಂದು ಕಳ್ಳ ದನಿಯಲ್ಲಿ, "ಹಾಜರ್ ಸಾರ್!" ಅವನ ಎಡಗೈ ನಿಧಾನವಾಗಿ ಮೇಲೆದ್ದು, ಹಳೇ ಅಭ್ಯಾಸದಂತೆ, ತೋರುಬೆರಳು ತುಟಿಯ ಮೇಲೆ ಬಂತು: ಶ್, ಮೇಷ್ಟ್ರು ನೋಡ್ತಾರೆ.