ರೊಕ್ಕ ಬಂತೇ, ಬಂದದ್ದು ಯಾರ ರೊಕ್ಕ?

ಮಾನ್ಯರೇ, ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಬಾಡಿಗೆ ಕೋಣೆ ಖಾಲಿ ಮಾಡಿ ಊರಿಗೆ ಹೊರಡುತ್ತಾರೆ. ಅದೇ ಹೊತ್ತಿಗೆ ಬಿಸಿಲು ನಲವತ್ತು ಡಿಗ್ರಿ ದಾಟಿ, ಕೂಲರ್ ಇಲ್ಲದ ಮನೆಯವರು ಎಲ್ಲಾದರೂ ಒಂದು ಹಳೆಯದು ಸಿಕ್ಕೀತೇ ಎಂದು ಫೋನಿನಲ್ಲಿ ಹುಡುಕತೊಡಗುತ್ತಾರೆ. ಹೀಗಾಗಿ ಕೂಲರು, ಕಬ್ಬಿಣದ ಮಂಚ, ಓದುವ ಟೇಬಲ್ಲು, ಸೆಕೆಂಡ್ ಹ್ಯಾಂಡ್ ಬೈಕು ಇವೆಲ್ಲ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮತ್ತು ಓಣಿಯ ವಾಟ್ಸಾಪ್ ಗುಂಪುಗಳಲ್ಲಿ ಕೈ ಬದಲಾಯಿಸುತ್ತವೆ. ಇದರಲ್ಲಿ ಮಾರುವವರ ಪಾಲಿನ ಎಚ್ಚರ ಏನಿರಬೇಕು ಎಂಬುದಷ್ಟೇ ಇಂದಿನ ನನ್ನ ವಿಷಯ.

ನಮ್ಮದು ವ್ಯಾಪಾರ ಅರಿಯದ ಊರಲ್ಲ. ನಮ್ಮ ಧಾನ್ಯದ ಪೇಟೆಯಾದ ನೆಹರು ಗಂಜಿನಲ್ಲಿ ತೊಗರಿಯ ಚೀಲ ಇಳಿಸುವ ರೈತನಿಗೆ ಅಡತಿಯವರು, ಅಂದರೆ ಮಾಲು ಮಾರಿಸಿಕೊಡುವ ದಲ್ಲಾಳಿಗಳು, ತಲೆಮಾರಿನ ಗುರುತಿನವರು. ತೂಕ ಆಗುತ್ತದೆ, ಕೈಗೆ ಲೆಕ್ಕದ ಪಟ್ಟಿ ಬರುತ್ತದೆ; ರೊಕ್ಕ ಬರುವುದು ನಾಲ್ಕು ದಿನ ತಡವಾದರೂ ಅಡತಿಯ ಅಂಗಡಿ ಎದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ರೈತನಿಗೆ ಇರುತ್ತದೆ. ಫೋನಿನ ಮೂಲಕ ಬರುವ ಗಿರಾಕಿಗೆ ಅಂಗಡಿಯೂ ಇಲ್ಲ, ಅವರನ್ನು ಬಲ್ಲ ಮೂರನೆಯವರೂ ಇಲ್ಲ. ಗಂಜಿನಲ್ಲಿ ಗುರುತು-ಪರಿಚಯದಿಂದ ಆಗುತ್ತಿದ್ದ ಕೆಲಸವನ್ನು ಇಲ್ಲಿ ಎರಡು ಪ್ರಶ್ನೆಗಳು ಮಾಡಬೇಕಾಗುತ್ತದೆ. ರೊಕ್ಕ ಬಂತೇ? ಬಂದದ್ದು ಯಾರ ರೊಕ್ಕ? ಮೊದಲನೆಯದರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೀರಿ. ಎರಡನೆಯದರ ಬಗ್ಗೆ ಮಾತು ಕಡಿಮೆ, ತೊಂದರೆ ಹೆಚ್ಚು.

ಯುಪಿಐ ವ್ಯವಸ್ಥೆ 2016ರಲ್ಲಿ ಆರಂಭವಾದ ದಿನದಿಂದ ಒಂದು ನಿಯಮ ಬದಲಾಗಿಲ್ಲ: ಪಿನ್ ಬೇಕಾಗುವುದು ರೊಕ್ಕ ಕಳಿಸುವುದಕ್ಕೆ, ಪಡೆಯುವುದಕ್ಕಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವವರೂ ಕೊಡುವವರೇ ಹೊರತು ಪಡೆಯುವವರಲ್ಲ. ಇಷ್ಟು ಸರಳವಾದ ಮಾತನ್ನು ಓದಿದವರೂ ಮರೆಯುವುದು ಏಕೆಂದರೆ ಮೋಸಗಾರ ಅದನ್ನು ಮರೆಸುವಂಥ ಗಡಿಬಿಡಿ ಹುಟ್ಟಿಸಿರುತ್ತಾನೆ. ತಾನು ಸೈನಿಕ, ಈ ಊರಿಗೆ ವರ್ಗವಾಗಿದೆ, ಮಾಲು ನೋಡುವ ಅಗತ್ಯವೇ ಇಲ್ಲ, ಸಂಜೆ ಗಾಡಿ ಕಳಿಸುತ್ತೇನೆ ಎನ್ನುತ್ತಾನೆ. ಗುರುತಿನ ಚೀಟಿಯ ಫೋಟೋ ಕಳಿಸುತ್ತಾನೆ. ಬೆಲೆಯಲ್ಲಿ ಒಂದು ರೂಪಾಯಿಯೂ ಚೌಕಾಸಿ ಮಾಡುವುದಿಲ್ಲ. ನಿಜವಾಗಿ 1 ರೂಪಾಯಿ ಹಾಕಿ ತೋರಿಸಿ ನಂಬಿಸಿದ ಮೇಲೆ, ಉಳಿದದ್ದನ್ನು ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ ಎಂದು ಒಂದು ಚಿತ್ರ ಕಳಿಸುತ್ತಾನೆ. ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯಲ್ಲಿ ಇಪ್ಪತ್ತು ರೂಪಾಯಿಯ ಕೊತ್ತಂಬರಿಗೂ ಚೌಕಾಸಿ ಮಾಡುವ ಊರಿನಲ್ಲಿ, ಹಳೆಯ ಕೂಲರಿಗೆ ಕೇಳಿದಷ್ಟು ಕೊಡುತ್ತೇನೆ ಎನ್ನುವವರ ಮೇಲೆ ಅಷ್ಟಕ್ಕೇ ಅನುಮಾನ ಬರಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಹಣ ಕೇಳುವ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರಿನಿಂದ ನಿಲ್ಲಿಸಲಾಗಿದೆ. ಅದರಿಂದ ಒಂದು ದಾರಿ ಮುಚ್ಚಿತು. ಕ್ಯೂಆರ್ ಚಿತ್ರದ ದಾರಿ ಇನ್ನೂ ತೆರೆದೇ ಇದೆ.

ಈಗ ನನ್ನದೇ ಕಥೆ ಹೇಳಬೇಕು. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ಎರಡು ಬೇಸಿಗೆಯ ಹಿಂದೆ ಮನೆಯ ಕೂಲರನ್ನು 3,500 ರೂಪಾಯಿಗೆ ಮಾರಲು ಹಾಕಿದೆ. ಒಬ್ಬ ಹುಡುಗ ಆಟೋ ತಂದ, ಕೋಡ್ ಸ್ಕ್ಯಾನ್ ಮಾಡಿದ, “ಕಾಕಾ, ರೊಕ್ಕ ಹಾಕೀನಿ ನೋಡ್ರಿ” ಎಂದು ಹಸಿರು ಗುರುತಿದ್ದ ಪರದೆ ತೋರಿಸಿದ. ಕರೆಂಟು ಹೋಗಿತ್ತು, ಝಳಕ್ಕೆ ತಲೆ ಕಾದಿತ್ತು. ಇವೆಲ್ಲ ನೆಪ. ಕೂಲರನ್ನು ಆಟೋಕ್ಕೆ ಏರಿಸಲು ನಾನೇ ಕೈ ಕೊಟ್ಟೆ. ಸಂಜೆ ಖಾತೆ ತೆಗೆದು ನೋಡಿದರೆ ರೊಕ್ಕ ಬಂದೇ ಇರಲಿಲ್ಲ. ಪಾವತಿ ಆದಂತೆ ತೋರಿಸುವ ನಕಲಿ ಆ್ಯಪ್‌ಗಳು ಇವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಐದು ನಿಮಿಷ ನೆನಪಿಗೆ ಬರಲಿಲ್ಲ, ಅಷ್ಟೇ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಕೊಳ್ಳುವವರ ಪರದೆಯನ್ನು ನೋಡುವುದೇ ಇಲ್ಲ. ನನ್ನ ಫೋನಿನಲ್ಲಿ ನನ್ನ ಬ್ಯಾಂಕಿನ ಆ್ಯಪ್ ತೆರೆದು, ಜಮೆಯ ಸಾಲನ್ನೂ ಅದರ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನೂ (ಆ ಒಂದು ಪಾವತಿಯ ಗುರುತಿನ ಸಂಖ್ಯೆ) ನೋಡಿದ ಮೇಲೆಯೇ ಮಾಲಿನ ಮೇಲಿನ ಕೈ ತೆಗೆಯುತ್ತೇನೆ. ಎಸ್‌ಎಂಎಸ್ ಸಾಕಾಗುವುದಿಲ್ಲ, ಏಕೆಂದರೆ ಬ್ಯಾಂಕಿನ ಸಂದೇಶದಂತೆಯೇ ಕಾಣುವ ಸಂದೇಶವನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದ “ಜಮೆಯಾಗಿದೆ” ಎಂಬ ಸಂದೇಶ ಬ್ಯಾಂಕಿನದ್ದಲ್ಲ. ಇದೇ ನಕಲಿ ಸಂದೇಶದ ಇನ್ನೊಂದು ರೂಪವೂ ಇದೆ: 2,000 ಕಳಿಸುವ ಬದಲು ತಪ್ಪಿ 20,000 ಹೋಗಿದೆ, ಉಳಿದದ್ದನ್ನು ವಾಪಸು ಹಾಕಿ, ಆಸ್ಪತ್ರೆಯಲ್ಲಿದ್ದೇನೆ ಎಂಬ ಅಳು. ಖಾತೆ ತೆಗೆದು ನೋಡಿದವರು ಅಲ್ಲಿಗೇ ಬಚಾವ್. ಇನ್ನು ಕೆಲವೊಮ್ಮೆ ನೆಟ್‌ವರ್ಕಿನ ತೊಡಕಿನಿಂದ ಪ್ರಾಮಾಣಿಕರ ರೊಕ್ಕವೂ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಮಾಲು ನಮ್ಮಲ್ಲೇ ಉಳಿಯಬೇಕು, ಅವರು ನಾಳೆ ಬರಬೇಕು. ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಕ್ಕೆ ನಮ್ಮ ಕಡೆಯವರಿಗೆ ಬಹಳ ಸಂಕೋಚ. ಚಹಾ ಕುಡಿಸಿ ಕಳಿಸಿ. ಕೂಲರ್ ಕೊಟ್ಟು ಕಳಿಸಬೇಡಿ.

ನಗದಿನಲ್ಲಿ ಕೊಡುತ್ತೇನೆ ಎಂದರೆ ಹಗಲು ಬೆಳಕಿನಲ್ಲಿ ಎಣಿಸಿಕೊಳ್ಳಬೇಕು. 500ರ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. 2,000ದ ನೋಟನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ರಿಸರ್ವ್ ಬ್ಯಾಂಕ್ 2023ರ ಮೇ 19ರಂದೇ ಪ್ರಕಟಿಸಿದೆ, ಅದನ್ನು ತೆಗೆದುಕೊಳ್ಳುವ ಗೋಜು ಬೇಡ. ಮೊತ್ತ ದೊಡ್ಡದಾದರೆ ಇಬ್ಬರೂ ಬ್ಯಾಂಕಿಗೆ ಹೋಗಿ, ನಗದು ಜಮಾ ಯಂತ್ರದಲ್ಲಿ ಅವರ ಕೈಯಿಂದಲೇ ನಿಮ್ಮ ಖಾತೆಗೆ ಹಾಕಿಸುವುದು ಒಳ್ಳೆಯದು. ಎಣಿಕೆಯೂ ನೋಟಿನ ಪರೀಕ್ಷೆಯೂ ಅಲ್ಲಿಯೇ ಆಗುತ್ತದೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದಲೇ ನಿಷೇಧಿಸಿದೆ. ಚೆಕ್ಕಿನ ವಿಷಯ ಬೇರೆ ಹೇಳಬೇಕಿಲ್ಲ: ಅದು ಪಾಸಾಗುವವರೆಗೆ ಬರಿ ಕಾಗದ.

ಎಲ್ಲಿ ಭೇಟಿಯಾಗಬೇಕು? ಜನ ಇರುವ ಜಾಗದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೇಂದ್ರ ಬಸ್ ನಿಲ್ದಾಣದಲ್ಲಿ ಜನರಿಗೇನೂ ಕೊರತೆಯಿಲ್ಲ, ಆದರೆ ಮಾಲು ಹಿಡಿದವರು ಜೇವರ್ಗಿಯ ಬಸ್ಸೇರಿದರೋ ಆಳಂದದ್ದೋ ಎಂದು ತಿರುಗಿ ನೋಡುವುದರಲ್ಲಿ ಮಾಯ. ಬೇಕಾದದ್ದು ಜನಜಂಗುಳಿಯಲ್ಲ, ನಿಮ್ಮನ್ನು ಬಲ್ಲವರು: ದಿನವೂ ಹೋಗುವ ಕಿರಾಣಿ ಅಂಗಡಿ, ಖಾತೆಯಿರುವ ಬ್ಯಾಂಕಿನ ಅಂಗಳ, ಸಿಸಿಟಿವಿ ಇರುವ ಔಷಧಿ ಅಂಗಡಿಯ ಮುಂಭಾಗ. ರಿಂಗ್ ರೋಡಿನ ಆಚೆ ಖಾಲಿ ಲೇಔಟಿಗೆ, ಅದೂ ಕತ್ತಲಾದ ಮೇಲೆ ಬನ್ನಿ ಎಂದರೆ ಹೋಗಬೇಡಿ. ಅಲ್ಮಾರಿ, ಕೂಲರಿನಂಥವನ್ನು ಮನೆಯಿಂದಲೇ ಕೊಡಬೇಕಾದರೆ ಮೊದಲೇ ಪಡಸಾಲೆಗೆ ತಂದಿಟ್ಟು, ಒಳಮನೆಗೆ ಯಾರನ್ನೂ ಕರೆಯದೆ, ನೆರೆಯವರೊಬ್ಬರನ್ನು ಕೂರಿಸಿಕೊಂಡು ವ್ಯವಹರಿಸಬೇಕು. ಜಾಹೀರಾತಿನಲ್ಲಿ ಬಡಾವಣೆಯ ಹೆಸರು ಸಾಕು, ಮನೆ ನಂಬರು ಬೇಡ. ಬೈಕ್ ಓಡಿಸಿ ನೋಡುತ್ತೇನೆ ಎಂದರೆ ನೀವು ಹಿಂದೆ ಕುಳಿತುಕೊಳ್ಳಿ. ಅವರು ಒತ್ತೆಯಾಗಿ ಬಿಟ್ಟುಹೋಗುವ ಗಾಡಿಯೇ ಕಳವಿನದ್ದಾಗಿರಬಹುದು.

ಇನ್ನು ಎರಡನೆಯ ಪ್ರಶ್ನೆ. ರೊಕ್ಕ ನಿಜವಾಗಿಯೂ ಬಂದಿದೆ, ಖಾತೆಯಲ್ಲಿ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಒಬ್ಬ ವಂಚಕ ದೂರದ ಊರಿನ ಯಾರನ್ನೋ ಮೋಸಗೊಳಿಸಿ, ಅವರಿಂದ ನೇರವಾಗಿ ನಿಮ್ಮ ಖಾತೆಗೆ ರೊಕ್ಕ ಹಾಕಿಸುತ್ತಾನೆ. ಇತ್ತ ನಿಮ್ಮಿಂದ ಲ್ಯಾಪ್‌ಟಾಪನ್ನೋ ಚಿನ್ನದ ಉಂಗುರವನ್ನೋ ಪಡೆದು ಹೋಗುತ್ತಾನೆ. ಮೋಸಹೋದವರು ದೂರು ಕೊಟ್ಟಾಗ ಪೊಲೀಸರು ರೊಕ್ಕದ ಜಾಡು ಹಿಡಿದು ಬರುತ್ತಾರೆ, ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿನಡಿ ಅನುಮಾನದ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರ ಅವರಿಗಿದೆ. ಬಂದಷ್ಟೇ ಮೊತ್ತವನ್ನು ತಡೆಹಿಡಿದರೆ ಪುಣ್ಯ, ಕೆಲವೊಮ್ಮೆ ಪೂರ್ತಿ ಖಾತೆಯೇ ಸ್ಥಗಿತವಾಗುತ್ತದೆ. ಮಗಳ ಕಾಲೇಜು ಫೀಸಿನ ರೊಕ್ಕವೂ ಅದರಲ್ಲೇ ಇದ್ದರೆ ಗತಿಯೇನು ಎಂಬುದನ್ನು ನೀವೇ ಊಹಿಸಿ.

ಆದ್ದರಿಂದ ರೊಕ್ಕ ಹಾಕಿದವರ ಹೆಸರೂ ಎದುರಿಗೆ ನಿಂತವರ ಹೆಸರೂ ಒಂದೇ ಆಗಿರಬೇಕು. ಇಲ್ಲಿ ಒಂದು ಪೇಚು ಇದೆ. “ನಮ್ಮ ಮಾಮಾ ಹಾಕ್ತಾರ್ರಿ” ಎಂಬುದು ನಮ್ಮ ಕಡೆ ಸಹಜವಾದ ಮಾತು. ಓದಲು ಬಂದ ಹುಡುಗನ ಪರವಾಗಿ ಶಹಾಪುರದಲ್ಲಿರುವ ತಂದೆ ರೊಕ್ಕ ಹಾಕುವುದು ವಂಚನೆಯೇನಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮಂಚ, ಟೇಬಲ್ಲಿನಂಥ ಸಣ್ಣ ವ್ಯವಹಾರದಲ್ಲಿ ಆ ತಂದೆಯೊಡನೆ ಒಂದು ಮಾತಾಡಿ ಒಪ್ಪಿಕೊಳ್ಳಬಹುದು. ಚಿನ್ನ, ಮೊಬೈಲು, ಲ್ಯಾಪ್‌ಟಾಪು, ಬೈಕಿನ ವಿಷಯದಲ್ಲಿ ಕೊಳ್ಳುವವರ ಸ್ವಂತ ಖಾತೆಯಿಂದಲೇ ಬರಬೇಕೆಂದು ಹಟ ಹಿಡಿಯಬೇಕು. ಜೊತೆಗೆ ಒಂದು ಚೀಟಿ ಬರೆಯಿರಿ: ದಿನಾಂಕ, ವಸ್ತು, ಅದರ ಸೀರಿಯಲ್ ನಂಬರು, ಬೆಲೆ, ಯುಟಿಆರ್, ಇಬ್ಬರ ಸಹಿ, ಮೊಬೈಲಾದರೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ. ಖಾತೆ ಸ್ಥಗಿತವಾದರೆ ಯಾವ ಠಾಣೆಯ, ಯಾವ ದೂರಿನ ಮೇಲೆ ಎಂದು ಬ್ಯಾಂಕಿನಿಂದ ತಿಳಿದುಕೊಂಡು, ಈ ಚೀಟಿಯನ್ನೂ ವಾಟ್ಸಾಪ್ ಮಾತುಕತೆಯನ್ನೂ ಆ ಠಾಣೆಗೆ ಸಲ್ಲಿಸಬೇಕಾಗುತ್ತದೆ. ಗಂಜಿನ ಪಟ್ಟಿ ರೈತನಿಗೆ ಎಷ್ಟು ಮುಖ್ಯವೋ ಈ ಚೀಟಿ ನಿಮಗೆ ಅಷ್ಟು ಮುಖ್ಯ.

ಗಾಡಿ ಮಾರಿದವರಿಗೆ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟು, ಹೆಸರು ಬದಲಾವಣೆಯನ್ನು ಅವರೇ ಮಾಡಿಸಿಕೊಳ್ಳುತ್ತಾರೆ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೆ ಮಾರಿದರೆ 14 ದಿನಗಳೊಳಗೆ ನಮೂನೆ 29ರಲ್ಲಿ ಆರ್‌ಟಿಓ ಕಚೇರಿಗೆ ತಿಳಿಸುವ ಹೊಣೆ ಮಾರಿದವರದ್ದು. ಕಲಬುರಗಿ ನೋಂದಣಿಯ, ಅಂದರೆ ಕೆಎ 32ರ ಗಾಡಿ ಗಡಿ ದಾಟಿ ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಹೋಗುವುದಾದರೆ ನಿರಾಕ್ಷೇಪಣಾ ಪತ್ರವೂ ಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದೊಬ್ಬರಿಗೆ ಹಲವು ಕೈ ಬದಲಾಗಿತ್ತು. ದಾಖಲೆಯಲ್ಲಿನ ಹೆಸರು ಮಾತ್ರ ಮೊದಲಿನದೇ ಉಳಿದಿತ್ತು.

ಮೋಸ ನಡೆದೇ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂಬುದು ಈಗ ಬಹುತೇಕರಿಗೆ ತಿಳಿದಿದೆ. ಕರೆ ಮಾಡುವಾಗ ಯುಟಿಆರ್, ಮೊತ್ತ, ಸಮಯ ಕೈಯಲ್ಲಿರಲಿ. ರೊಕ್ಕ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುನ್ನವೇ ತಡೆಯುವುದು ಅದರ ಉದ್ದೇಶವಾದ್ದರಿಂದ ಗಂಟೆಗಳ ಲೆಕ್ಕವೂ ಮುಖ್ಯವಾಗುತ್ತದೆ. ಆದರೆ ಆ ವ್ಯವಸ್ಥೆ ಹಿಡಿದಿಡುವುದು ನಿಮ್ಮ ಖಾತೆಯಿಂದ ಹೊರಟ ರೊಕ್ಕವನ್ನು. ನನ್ನ ಕೂಲರಿನ ಪ್ರಕರಣದಲ್ಲಿ ಯಾವ ಖಾತೆಯಿಂದಲೂ ಒಂದು ಪೈಸೆ ಹೊರಟಿರಲಿಲ್ಲ, ಹೋದದ್ದು ಕೂಲರು. ಹಾಗಾಗಿ ತಡೆಯಲು ಏನೂ ಇರಲಿಲ್ಲ. ಠಾಣೆಯಲ್ಲಿ ದೂರು ಬರೆಸುವಾಗ ಅವರು ಕೇಳಿದ್ದು ಆಟೋದ ನಂಬರು. ಅದನ್ನು ನಾನು ನೋಡಿಕೊಂಡಿರಲಿಲ್ಲ.